ಮೂಳೆಯೊಳಗಿನ ಕೀವು, ಗಡ್ಡೆಯ ವೇಷ

1824ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಬೆಂಜಮಿನ್ ಬ್ರೋಡಿ ಒಬ್ಬ ಯುವಕನ ಕಾಲು ಕತ್ತರಿಸಿದರು. ಕಣಕಾಲಿನ ದೊಡ್ಡ ಮೂಳೆ ಪಾದದ ಗಂಟಿನ ಬಳಿ ಊದಿಕೊಂಡು, ವರ್ಷಗಳಿಂದ ಅವನನ್ನು ನಿದ್ದೆಗೆಡಿಸಿತ್ತು. ಯಾವ ಔಷಧಕ್ಕೂ ನೋವು ಬಗ್ಗಿರಲಿಲ್ಲ. ತೆಗೆದ ಕಾಲನ್ನು ಸೀಳಿದಾಗ ಮೂಳೆಯೊಳಗೆ ಕಂಡದ್ದು ಅಕ್ರೋಟಿನಷ್ಟು ದೊಡ್ಡ ಗೂಡು, ಅದರ ತುಂಬ ಕೀವು. ಯುವಕ ಬದುಕಲಿಲ್ಲ. ಮೂಳೆಗೆ ತೂತು ಕೊರೆದು ಕೀವು ಹರಿಯಬಿಟ್ಟಿದ್ದರೆ ಕಾಲು ಉಳಿಯುತ್ತಿತ್ತು ಎಂದು ಬ್ರೋಡಿ ತಾವೇ ಮನಗಂಡರು. ಮುಂದಿನ ರೋಗಿಗಳಿಗೆ ಹಾಗೆಯೇ ಮಾಡಿ, 1832ರಲ್ಲಿ ಅದನ್ನು ಪ್ರಕಟಿಸಿದರು. ಈ ಬಗೆಯ ಕೀವುಗೂಡಿಗೆ ಇಂದಿಗೂ ಅವರದೇ ಹೆಸರು.

ಬ್ರೋಡಿಯವರ ಕಾಲಕ್ಕೆ ಎಕ್ಸ್-ರೇ ಇರಲಿಲ್ಲ. ಈಗ ಇದೆ, ಆದರೂ ಸೋಂಕೋ ಗಡ್ಡೆಯೋ ಎಂಬ ಗೊಂದಲ ತೀರಿಲ್ಲ. ಮಕ್ಕಳಲ್ಲೂ ಹದಿಹರೆಯದವರಲ್ಲೂ ಬರುವ ಮೂಳೆಯ ಕ್ಯಾನ್ಸರ್ ಯೂಯಿಂಗ್ ಸಾರ್ಕೋಮಾ (ಜೇಮ್ಸ್ ಯೂಯಿಂಗ್ ಇದನ್ನು ವಿವರಿಸಿದ್ದು 1921ರಲ್ಲಿ) ಸೋಂಕಿನಂತೆಯೇ ಜ್ವರ ತರಬಲ್ಲದು, ರಕ್ತದಲ್ಲಿ ಉರಿಯೂತ ತೋರಿಸುವ ಇಎಸ್‌ಆರ್ ಏರಿಸಬಲ್ಲದು. ಮೂಳೆಯ ಹೊರಪೊರೆ ಈರುಳ್ಳಿಯಂತೆ ಪದರಗಟ್ಟುವುದು ಎರಡರಲ್ಲೂ ಉಂಟು. ನನಗೆ ಅತ್ಯಂತ ಗಂಭೀರವೆನಿಸುವುದು ಇನ್ನೊಂದು ಸಂಗತಿ: ಗಡ್ಡೆಯ ಸತ್ತ ಭಾಗ ಕರಗಿ ನೀರಾದಾಗ ಅದು ಕೀವಿನಂತೆಯೇ ಕಾಣುತ್ತದೆ. ಅಂದರೆ ಮೂಳೆ ತೆರೆದ ಶಸ್ತ್ರವೈದ್ಯರ ಕಣ್ಣೂ ಮೋಸಹೋಗಬಹುದು.

ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ. ಕ್ಷಯ ಸಾಮಾನ್ಯವಾಗಿ ಎರಡು ಕಶೇರುಗಳ ನಡುವಿನ ಡಿಸ್ಕನ್ನೂ ಕೆಡಿಸುತ್ತದೆ, ಕ್ಯಾನ್ಸರ್ ಬಹುಮಟ್ಟಿಗೆ ಡಿಸ್ಕನ್ನು ಬಿಟ್ಟು ಮೂಳೆಯನ್ನು ತಿನ್ನುತ್ತದೆ. ಆದರೆ ಡಿಸ್ಕ್ ಮುಟ್ಟದೆ ಹಲವು ಕಡೆ ಕಾಣಿಸಿಕೊಳ್ಳುವ ಕ್ಷಯವೂ ಇದೆ. ಪೆಟ್ ಸ್ಕ್ಯಾನಿನಲ್ಲಿ ಅದೂ ಹರಡಿದ ಕ್ಯಾನ್ಸರಿನಂತೆ ಹೊಳೆಯುತ್ತದೆ.

ಹಾಗಾಗಿ ಬಹಳಷ್ಟು ಸಲ ನಿರ್ಣಯ ಬಯಾಪ್ಸಿಯ ತುಣುಕಿನ ಮೇಲೆ ನಿಲ್ಲುತ್ತದೆ. ಅಲ್ಲೊಂದು ಸಣ್ಣ ತಪ್ಪು ದೊಡ್ಡ ನಷ್ಟ ಮಾಡುತ್ತದೆ. ಕ್ಯಾನ್ಸರೇ ಇರಬೇಕೆಂದುಕೊಂಡು ಇಡೀ ತುಣುಕನ್ನು ಫಾರ್ಮಲಿನ್ ಬಾಟಲಿಗೆ ಹಾಕಿದರೆ ರೋಗಾಣುಗಳು ಸಾಯುತ್ತವೆ, ಅವನ್ನು ಬೆಳೆಸಿ ನೋಡುವ ಕಲ್ಚರ್ ಸಾಧ್ಯವಾಗುವುದಿಲ್ಲ. ಸೋಂಕೇ ಎಂದು ಬರಿಯ ಕೀವನ್ನು ಕಲ್ಚರಿಗೆ ಕಳಿಸಿದರೆ ಗಡ್ಡೆಯ ಜೀವಕೋಶಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಶಂಕೆ ಯಾವ ಕಡೆಗಿದ್ದರೂ ತುಣುಕನ್ನು ಎರಡು ಮಾಡಬೇಕು: ಒಂದು ಪಾಲು ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ, ಇನ್ನೊಂದು ಶುದ್ಧ ಸಲೈನ್‌ನಲ್ಲಿ ಮೈಕ್ರೋಬಯಾಲಜಿಗೆ. ರೋಗಿಯ ಸ್ಥಿತಿ ಅನುವು ಕೊಟ್ಟರೆ ಆ್ಯಂಟಿಬಯೋಟಿಕ್ ಶುರುಮಾಡುವ ಮೊದಲೇ ಇದಾಗಬೇಕು. ಕ್ಷಯದ ಕಲ್ಚರಿಗೆ ವಾರಗಳು ಹಿಡಿಯುತ್ತವೆ. ಜೀನ್‌ಎಕ್ಸ್‌ಪರ್ಟ್ ಯಂತ್ರ ಸುಮಾರು 2 ಗಂಟೆಯಲ್ಲಿ ಉತ್ತರ ಕೊಡುತ್ತದೆ. ಅದಕ್ಕೂ ಕೊಡಬೇಕಾದದ್ದು ಫಾರ್ಮಲಿನ್ ಸೋಕದ ಆ ಎರಡನೆಯ ಪಾಲನ್ನೇ.