ತೂಕ ಇಳಿಸುವ ಸರ್ಜರಿಯಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತಾ? ಯಾರಿಗೆ ಲಾಭ, ಎಲ್ಲಿ ಎಚ್ಚರ ಬೇಕು?

ಮಾತ್ರೆಯ ಡೋಸ್ ಹೆಚ್ಚಿಸಿದರೂ, ಅನ್ನ ಕಡಿಮೆ ಮಾಡಿದರೂ, ದಿನಾ ವಾಕಿಂಗ್ ಹೋದರೂ ಶುಗರ್ ಹತೋಟಿಗೆ ಬರುತ್ತಿಲ್ಲ, ತೂಕವೂ ಇಳಿಯುತ್ತಿಲ್ಲ. ಇಂಥ ಸ್ಥಿತಿಯಲ್ಲಿರುವವರಿಗೆ ವೈದ್ಯರು ಬೇರಿಯಾಟ್ರಿಕ್ ಸರ್ಜರಿಯ ಬಗ್ಗೆ ಹೇಳುವುದುಂಟು. ಸರ್ಜರಿ ಆದ ಮೇಲೆ ಶುಗರ್ ಮಾತ್ರೆಯೇ ನಿಂತುಹೋಯಿತು ಎನ್ನುವವರಿದ್ದಾರೆ. ಕೆಲವು ವರ್ಷ ಚೆನ್ನಾಗಿದ್ದು ಮತ್ತೆ ಶುಗರ್ ಬಂತು ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ನಿಜವೇ. ಹೀಗೇಕೆ ಎಂಬುದನ್ನು ಇಲ್ಲಿ ತಿಳಿಯೋಣ.

ಮುಖ್ಯವಾಗಿ ಎರಡು ಬಗೆಯ ಸರ್ಜರಿ

ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ತಿಂದ ಆಹಾರ ಜಠರದ ಹೆಚ್ಚಿನ ಭಾಗವನ್ನೂ ಸಣ್ಣ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಮುಂದೆ ಸಾಗುತ್ತದೆ. ಎರಡನ್ನೂ ಸಾಮಾನ್ಯವಾಗಿ ಲ್ಯಾಪರೋಸ್ಕೋಪಿ ಮೂಲಕ ಸಣ್ಣ ರಂಧ್ರಗಳಿಂದಲೇ ಮಾಡುತ್ತಾರೆ.

ತೂಕ ಇಳಿಯುವ ಮೊದಲೇ ಶುಗರ್ ಇಳಿಯುವುದು ಹೇಗೆ?

ಹಲವರಲ್ಲಿ ಸರ್ಜರಿಯಾದ ಕೆಲವೇ ದಿನಗಳಲ್ಲಿ ಶುಗರ್ ಇಳಿಯತೊಡಗುತ್ತದೆ. ಆ ಹೊತ್ತಿಗೆ ತೂಕ ಹೆಚ್ಚೇನೂ ಇಳಿದಿರುವುದಿಲ್ಲ.

ಊಟ ಏಕಾಏಕಿ ತೀರಾ ಕಡಿಮೆಯಾಗುವುದು ಇದಕ್ಕೆ ಮೊದಲ ಕಾರಣ. ಯಕೃತ್ತಿನಲ್ಲಿ ತುಂಬಿದ್ದ ಕೊಬ್ಬು ಬೇಗ ಕರಗಿ, ಅದು ರಕ್ತಕ್ಕೆ ಬಿಡುವ ಸಕ್ಕರೆ ತಗ್ಗುತ್ತದೆ. ಎರಡನೆಯದು ಹಾರ್ಮೋನ್. ಆಹಾರ ಕರುಳಿನ ಕೆಳಭಾಗಕ್ಕೆ ಬೇಗ ತಲುಪುವುದರಿಂದ ಜಿಎಲ್‌ಪಿ-1 ಎಂಬ ಹಾರ್ಮೋನ್ ಹೆಚ್ಚಾಗಿ ಬಿಡುಗಡೆಯಾಗುತ್ತದೆ. ಅದು ಇನ್ಸುಲಿನ್ ಸ್ರವಿಸುವಂತೆ ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸುತ್ತದೆ, ಹಸಿವನ್ನೂ ತಗ್ಗಿಸುತ್ತದೆ. ಈಗ ಹೆಚ್ಚು ಸುದ್ದಿಯಲ್ಲಿರುವ ಸೆಮಾಗ್ಲುಟೈಡ್ ಇಂಜೆಕ್ಷನ್ ಕೂಡ ಇದೇ ಹಾರ್ಮೋನನ್ನು ಅನುಕರಿಸುವ ಔಷಧ. ಮುಂದಿನ ತಿಂಗಳುಗಳಲ್ಲಿ ತೂಕ ಇಳಿದಂತೆ ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಇನ್ನಷ್ಟು ಸುಧಾರಿಸುತ್ತದೆ.

ಅಧ್ಯಯನಗಳು ಏನು ಹೇಳುತ್ತವೆ?

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ 'ಸ್ಟ್ಯಾಂಪೀಡ್' ಅಧ್ಯಯನದಲ್ಲಿ ಬೊಜ್ಜು ಹಾಗೂ ಹತೋಟಿ ತಪ್ಪಿದ ಟೈಪ್-2 ಮಧುಮೇಹವಿದ್ದ 150 ಮಂದಿ ಇದ್ದರು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಶೇ. 6 ಅಥವಾ ಅದಕ್ಕಿಂತ ಕೆಳಗೆ ಇಳಿಸುವುದು ಗುರಿಯಾಗಿತ್ತು. 5 ವರ್ಷಗಳ ನಂತರ ಈ ಗುರಿ ಮುಟ್ಟಿದವರು ಬೈಪಾಸ್ ಆದವರಲ್ಲಿ ಶೇ. 29, ಸ್ಲೀವ್ ಆದವರಲ್ಲಿ ಶೇ. 23, ಬರೀ ಔಷಧದಲ್ಲಿದ್ದವರಲ್ಲಿ ಶೇ. 5. ಈ ಫಲಿತಾಂಶ 2017ರಲ್ಲಿ ಪ್ರಕಟವಾಯಿತು.

1987ರಲ್ಲಿ ಶುರುವಾದ ಸ್ವೀಡನ್‌ನ 'ಎಸ್‌ಒಎಸ್' ಅಧ್ಯಯನ ಇದರ ಇನ್ನೊಂದು ಮುಖ ತೋರಿಸುತ್ತದೆ. ಸರ್ಜರಿಯಾದ 2 ವರ್ಷಕ್ಕೆ ಶೇ. 72ರಷ್ಟು ಮಧುಮೇಹಿಗಳು ಕಾಯಿಲೆಯಿಂದ ಹೊರಬಂದಿದ್ದರು. 10 ವರ್ಷಕ್ಕೆ ಆ ಪ್ರಮಾಣ ಶೇ. 36ಕ್ಕೆ ಇಳಿದಿತ್ತು. ಅಂದರೆ ಸರ್ಜರಿಯ ಲಾಭ ದೊಡ್ಡದು, ಆದರೆ ಎಲ್ಲರಲ್ಲೂ ಉಳಿಯುವಂಥದ್ದಲ್ಲ.

ಇದೇ ಕಾರಣಕ್ಕೆ ವೈದ್ಯರು 'ವಾಸಿ' ಎನ್ನದೆ 'ಉಪಶಮನ' ಎನ್ನುತ್ತಾರೆ. ಶುಗರ್ ಔಷಧ ನಿಲ್ಲಿಸಿದ ಮೇಲೂ ಕನಿಷ್ಠ 3 ತಿಂಗಳು ಎಚ್‌ಬಿಎ1ಸಿ ಶೇ. 6.5ಕ್ಕಿಂತ ಕೆಳಗಿದ್ದರೆ ಅದು ಉಪಶಮನ. ಶುಗರ್ ಮರಳಿ ಬಂದರೂ ಮೊದಲಿಗಿಂತ ಕಡಿಮೆ ಔಷಧದಲ್ಲೇ ಹತೋಟಿ ಸಿಗುವುದುಂಟು. ಸ್ವೀಡನ್ ಅಧ್ಯಯನದಲ್ಲಿ ಸರ್ಜರಿ ಆದವರಿಗೆ ಕಣ್ಣು, ಕಿಡ್ನಿ, ನರಗಳ ತೊಂದರೆ ಬಂದದ್ದು ಆಗದವರಿಗೆ ಹೋಲಿಸಿದರೆ ಅರ್ಧದಷ್ಟು ಮಾತ್ರ.

ಯಾರಿಗೆ ಹೆಚ್ಚು ಲಾಭ?

ಇಲ್ಲಿ ತೂಕಕ್ಕಿಂತ ಮುಖ್ಯವಾದದ್ದು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಶಕ್ತಿ ಎಷ್ಟು ಉಳಿದಿದೆ ಎಂಬುದು.

* ಮಧುಮೇಹ ಬಂದು ಕೆಲವೇ ವರ್ಷ ಆಗಿದ್ದರೆ ಉಪಶಮನದ ಸಾಧ್ಯತೆ ಹೆಚ್ಚು.
* ಮಾತ್ರೆಯಲ್ಲೇ ಇರುವವರಿಗೆ ಹೋಲಿಸಿದರೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರಿಗೆ ಸಾಧ್ಯತೆ ಕಡಿಮೆ.
* ರಕ್ತದ ಸಿ-ಪೆಪ್ಟೈಡ್ ಪರೀಕ್ಷೆಯಿಂದ ಗ್ರಂಥಿಯ ಶಕ್ತಿಯನ್ನು ಅಂದಾಜು ಮಾಡಬಹುದು.
* ಟೈಪ್-1 ಮಧುಮೇಹ ಇದರಿಂದ ಹೋಗುವುದಿಲ್ಲ. ಅವರಿಗೆ ಇನ್ಸುಲಿನ್ ಬೇಕೇ ಬೇಕು.

'ಎಲ್ಲಾ ಔಷಧ ನೋಡಿ, ಕೊನೆಗೆ ಸರ್ಜರಿ' ಎಂದು ಹದಿನೈದಿಪ್ಪತ್ತು ವರ್ಷ ಕಾದರೆ ಸಿಗುವ ಲಾಭ ಕಡಿಮೆಯಾಗುವುದು ಇದೇ ಕಾರಣಕ್ಕೆ.

ಬಿಎಂಐ ಎಷ್ಟಿರಬೇಕು? ವಿಮೆ ಸಿಗುತ್ತದೆಯೇ?

ಭಾರತೀಯರೂ ಸೇರಿದಂತೆ ಏಷ್ಯನ್ನರಿಗೆ ಕಡಿಮೆ ತೂಕದಲ್ಲೇ ಮಧುಮೇಹ ಬರುತ್ತದೆ. ಹಾಗಾಗಿ 2016ರ ಅಂತರರಾಷ್ಟ್ರೀಯ ಮಾರ್ಗಸೂಚಿ ನಮಗೆ ಬಿಎಂಐ ಮಿತಿಯನ್ನು 2.5ರಷ್ಟು ಇಳಿಸಿದೆ. ಬಿಎಂಐ 37.5 ದಾಟಿದ ಮಧುಮೇಹಿಗಳಿಗೆ ಸರ್ಜರಿ ಶಿಫಾರಸು ಮಾಡಬಹುದು. 32.5ರಿಂದ 37.5ರ ನಡುವಿನವರಿಗೆ ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಶಿಫಾರಸು ಇದೆ. 27.5ರಿಂದ 32.5ರವರೆಗೆ, ಸರಿಯಾದ ಔಷಧ ಪಡೆದರೂ ಶುಗರ್ ಇಳಿಯದಿದ್ದರೆ ಮಾತ್ರ ಪರಿಗಣಿಸಬಹುದು.

ಆದರೆ ಆರೋಗ್ಯ ವಿಮೆಯ ಲೆಕ್ಕ ಬೇರೆ. ಐಆರ್‌ಡಿಎಐ ರೂಪಿಸಿರುವ ಪ್ರಮಾಣಿತ ಷರತ್ತಿನ ಪ್ರಕಾರ ವಯಸ್ಸು 18 ದಾಟಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಇರಬೇಕು. ಹತೋಟಿಗೆ ಬಾರದ ಟೈಪ್-2 ಮಧುಮೇಹದಂಥ ಸಮಸ್ಯೆ ಇದ್ದರೆ ಬಿಎಂಐ 35 ಸಾಕು. 165 ಸೆಂ.ಮೀ. ಎತ್ತರದವರಿಗೆ 32.5 ಎಂದರೆ ಸುಮಾರು 88 ಕೆ.ಜಿ., 35 ಎಂದರೆ ಸುಮಾರು 95 ಕೆ.ಜಿ. ಈ ನಡುವಿನ ತೂಕದವರಿಗೆ ವೈದ್ಯರು ಸರ್ಜರಿ ಸೂಚಿಸಿದರೂ ವಿಮೆ ಸಿಗದೇ ಹೋಗಬಹುದು. ಆಸ್ಪತ್ರೆಗೆ ದಾಖಲಾಗುವ ಮೊದಲೇ ಪಾಲಿಸಿ ಓದಿ, ವಿಮಾ ಕಂಪನಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಸರ್ಜರಿ ನಂತರ ಈ ಎಚ್ಚರ ಬೇಕು

ರಕ್ತಸ್ರಾವ, ಹೊಲಿಗೆ ಜಾಗದಲ್ಲಿ ಸೋರಿಕೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಅಪರೂಪವಾದರೂ ಅಪಾಯಕಾರಿ. ಜ್ವರ, ಏರಿದ ಎದೆಬಡಿತ, ಹೊಟ್ಟೆನೋವು, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಔಷಧ: ಹಳೆಯ ಡೋಸ್‌ನಲ್ಲೇ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಮುಂದುವರಿಸಿದರೆ ಶುಗರ್ ತೀರಾ ಕುಸಿಯಬಹುದು. ಡೋಸ್ ಬದಲಿಸುವುದನ್ನು ವೈದ್ಯರೇ ನಿರ್ಧರಿಸಬೇಕು.

ಊಟದ ನಂತರ ಸುಸ್ತು: ಸಿಹಿ ತಿಂದ ಸ್ವಲ್ಪ ಹೊತ್ತಿಗೆ ಬೆವರು, ತಲೆಸುತ್ತು, ಭೇದಿ ಬಂದರೆ ಅದು 'ಡಂಪಿಂಗ್'. ಬೈಪಾಸ್ ಆದ ಕೆಲವರಿಗೆ ಒಂದೆರಡು ವರ್ಷದ ನಂತರ, ಊಟವಾದ 1ರಿಂದ 3 ಗಂಟೆಯಲ್ಲಿ ಶುಗರ್ ಕುಸಿಯುವುದೂ ಉಂಟು.

ಪೋಷಕಾಂಶ: ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪರ್ಯಂತ ಬೇಕಾಗುತ್ತವೆ. ಸಸ್ಯಾಹಾರಿಗಳು ಬಿ12 ಮತ್ತು ಪ್ರೊಟೀನ್ ಬಗ್ಗೆ ವಿಶೇಷ ಗಮನ ಕೊಡಬೇಕು. ಬಿಡದೆ ವಾಂತಿಯಾಗುತ್ತಿದ್ದರೆ ಬಿ1 ಕೊರತೆಯಾಗಿ ನರಗಳಿಗೆ ಹಾನಿಯಾಗಬಹುದು.

ಕಣ್ಣು: ಶುಗರ್ ದಿಢೀರ್ ಇಳಿದಾಗ ಹಳೆಯ ರೆಟಿನಾ ತೊಂದರೆ ಕೆಲವರಲ್ಲಿ ಹೆಚ್ಚುತ್ತದೆ. ಸರ್ಜರಿಗೆ ಮೊದಲು ಮತ್ತು ನಂತರ ಕಣ್ಣಿನ ತಪಾಸಣೆ ಮಾಡಿಸಿ.

ಗರ್ಭಧಾರಣೆ: ಮೊದಲ 12ರಿಂದ 18 ತಿಂಗಳು ಮುಂದೂಡುವುದು ಒಳ್ಳೆಯದು.

ಒಪ್ಪಿಗೆ ಕೊಡುವ ಮುನ್ನ ಕೇಳಿ

ನನ್ನ ಸಿ-ಪೆಪ್ಟೈಡ್ ಎಷ್ಟಿದೆ? ನನಗೆ ಸ್ಲೀವ್ ಸೂಕ್ತವೇ, ಬೈಪಾಸ್ ಸೂಕ್ತವೇ, ಯಾಕೆ? 5 ವರ್ಷದ ನಂತರವೂ ಇಲ್ಲೇ ತಪಾಸಣೆ ಸಿಗುತ್ತದೆಯೇ? ಡಯಟೀಷಿಯನ್ ಮತ್ತು ಶುಗರ್ ವೈದ್ಯರು ತಂಡದಲ್ಲಿ ಇದ್ದಾರೆಯೇ? ಈ ನಾಲ್ಕಕ್ಕೂ ಸ್ಪಷ್ಟ ಉತ್ತರ ಸಿಕ್ಕ ಮೇಲೆ ಮನೆಯವರೊಂದಿಗೆ ಕೂತು ತೀರ್ಮಾನಿಸಿ. ಸರ್ಜರಿಯಾಗಿ ಮಾತ್ರೆ ನಿಂತರೂ ವರ್ಷಕ್ಕೊಮ್ಮೆಯಾದರೂ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುವುದನ್ನು ಮಾತ್ರ ನಿಲ್ಲಿಸಬೇಡಿ.

(ಇದು ಸಾಮಾನ್ಯ ಮಾಹಿತಿ ಮಾತ್ರ. ಚಿಕಿತ್ಸೆಯ ಬಗ್ಗೆ ನಿಮ್ಮ ವೈದ್ಯರ ಸಲಹೆಯೇ ಅಂತಿಮ.)