ಆಕಾಶದ ಹಕ್ಕು ಮಾರಿ ಉಳಿದ ನಿಲ್ದಾಣ

ನ್ಯೂಯಾರ್ಕ್ ನಗರದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವುವ ಕೆಲಸ ಆರಂಭವಾದದ್ದು 1963ರ ಅಕ್ಟೋಬರ್ 28ರಂದು. ಕಟ್ಟಡಕ್ಕೆ ಆಗ ಕೇವಲ 53 ವರ್ಷ. ನಸುಗೆಂಪು ಗ್ರಾನೈಟಿನ ಗೋಡೆ, ಸುತ್ತಲೂ 84 ಕಂಬ, ಪ್ರಾಚೀನ ರೋಮಿನ ಸ್ನಾನಗೃಹಗಳ ಮಾದರಿಯಲ್ಲಿ 150 ಅಡಿ ಎತ್ತರಕ್ಕೆ ಎದ್ದಿದ್ದ ಪ್ರಯಾಣಿಕರ ಹಜಾರ - ಇಂಥದೊಂದು ಕಟ್ಟಡವನ್ನು ಉರುಳಿಸಿದವರು ಹೊರಗಿನವರಲ್ಲ, ಅದರ ಒಡೆಯರೇ ಆದ ರೈಲ್ವೆ ಕಂಪೆನಿಯವರು. ಕಾರು ಮತ್ತು ವಿಮಾನಗಳು ಪ್ರಯಾಣಿಕರನ್ನು ಸೆಳೆದುಕೊಂಡಿದ್ದವು, ಕಂಪೆನಿ ನಷ್ಟದಲ್ಲಿತ್ತು. ರೈಲುಗಳು ಹೇಗೂ ನೆಲದಡಿಯಲ್ಲೇ ಓಡುತ್ತಿದ್ದುದರಿಂದ ಮೇಲಿನ ಕಟ್ಟಡ ಹೋದರೂ ಸಂಚಾರಕ್ಕೆ ಅಡ್ಡಿಯಿರಲಿಲ್ಲ. ಅಲ್ಲಿ ಕ್ರೀಡಾಂಗಣವೂ ಕಚೇರಿಗಳ ಗೋಪುರವೂ ಎದ್ದವು. ಹಳೆಯ ಕಲ್ಲುಗಳಲ್ಲಿ ಬಹುಪಾಲು ನೆರೆಯ ನ್ಯೂಜೆರ್ಸಿಯ ಜೌಗು ನೆಲಕ್ಕೆ ಸುರಿಯಲ್ಪಟ್ಟವು.

ಇದನ್ನು ತಡೆಯಲು 1962ರಲ್ಲಿ ವಾಸ್ತುಶಿಲ್ಪಿಗಳು ಫಲಕ ಹಿಡಿದು ಬೀದಿಗಿಳಿದಿದ್ದರು. ಆದರೆ ಖಾಸಗಿ ಒಡೆತನದ ಕಟ್ಟಡವನ್ನು ಚೆಂದವಾಗಿದೆ ಎಂಬ ಕಾರಣಕ್ಕೆ ಉಳಿಸಿಕೊಳ್ಳಬಲ್ಲ ಕಾನೂನು ಆಗ ನಗರದಲ್ಲಿರಲಿಲ್ಲ. ಅಂಥ ಕಾನೂನು ಬಂದದ್ದು 1965ರ ಏಪ್ರಿಲ್‌ನಲ್ಲಿ. ಮನೆ ಬಿದ್ದ ಮೇಲೆ ಕಂಬ ನಿಲ್ಲಿಸಿದಂತಾಯಿತು ಎಂದು ಆ ನಿಲ್ದಾಣದ ಮಟ್ಟಿಗೆ ಹೇಳಬಹುದು. ಆದರೆ ಅದರಿಂದ ಇನ್ನೊಂದು ನಿಲ್ದಾಣ ಬದುಕಿತು, ಮತ್ತು ಆ ಮೊಕದ್ದಮೆಯಲ್ಲಿ ಎದ್ದ ಪ್ರಶ್ನೆ ಬೆಂಗಳೂರು, ಮುಂಬಯಿಗಳ ಹಳೆಯ ಬಡಾವಣೆಗಳನ್ನೂ ಬಿಟ್ಟಿಲ್ಲ. ಊರಿನ ಹಳೆಯ ಚಹರೆ ಎಲ್ಲರಿಗೂ ಬೇಕು, ಸರಿ. ಅದರ ಖರ್ಚು ಯಾರದು?

ಆ ಇನ್ನೊಂದು ನಿಲ್ದಾಣ 1913ರಲ್ಲಿ ತೆರೆದ ಗ್ರ್ಯಾಂಡ್ ಸೆಂಟ್ರಲ್. 1967ರಲ್ಲಿ ಅದನ್ನು ಸಂರಕ್ಷಿತ ಕಟ್ಟಡವೆಂದು ಘೋಷಿಸಲಾಯಿತು. ಮರುವರ್ಷ ಅದರ ಒಡೆತನ ಪೆನ್ ಸೆಂಟ್ರಲ್ ಎಂಬ ಹೊಸ ಕಂಪೆನಿಗೆ ಬಂತು. ಪೆನ್ಸಿಲ್ವೇನಿಯಾ ನಿಲ್ದಾಣವನ್ನು ಕೆಡವಿದ್ದ ಕಂಪೆನಿಯೂ ಅದರಲ್ಲಿ ಸೇರಿತ್ತು. ಅದು ನಿಲ್ದಾಣದ ನೆತ್ತಿಯ ಮೇಲೆ 55 ಅಂತಸ್ತಿನ ಗೋಪುರ ನಿಲ್ಲಿಸಲು ಮುಂದಾಯಿತು. ನಕ್ಷೆ ಬರೆದವರು ಖ್ಯಾತ ವಾಸ್ತುಶಿಲ್ಪಿ ಮಾರ್ಸೆಲ್ ಬ್ರಾಯರ್. ಗೋಪುರ ಕಟ್ಟುವವರು ವರ್ಷಕ್ಕೆ ಕನಿಷ್ಠ 30 ಲಕ್ಷ ಡಾಲರ್ ಬಾಡಿಗೆ ಕೊಡಲು ಒಪ್ಪಿದ್ದರು. ಸಂರಕ್ಷಣಾ ಆಯೋಗ ನಿರಾಕರಿಸಿತು. ಕಂಪೆನಿ ನ್ಯಾಯಾಲಯಕ್ಕೆ ಹೋಯಿತು. 1970ರಲ್ಲಿ ಅದು ದಿವಾಳಿಯೂ ಆಯಿತು.

1975ರಲ್ಲಿ ಕೆಳಗಿನ ನ್ಯಾಯಾಲಯದ ತೀರ್ಪು ಕಂಪೆನಿಯ ಪರವಾಗಿ ಬಂದಾಗ ಊರಿನ ಗಣ್ಯರು ಚಳವಳಿ ಕಟ್ಟಿದರು. ದಿವಂಗತ ಅಧ್ಯಕ್ಷ ಕೆನಡಿಯವರ ಪತ್ನಿ ಜಾಕ್ವೆಲಿನ್ ಅದರಲ್ಲಿ ಮುಂದೆ ನಿಂತದ್ದರಿಂದ ಪತ್ರಿಕೆಗಳ ಗಮನ ಸಿಕ್ಕಿತು. ಕೊನೆಗೆ 1978ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ನಗರದ ಪರ ತೀರ್ಪಿತ್ತಿತು. ನಿಲ್ದಾಣ ನಿಲ್ದಾಣವಾಗಿಯೇ ಸಂಪಾದಿಸುವುದಕ್ಕೆ ಯಾರೂ ಅಡ್ಡ ಬಂದಿಲ್ಲ, ಆದ್ದರಿಂದ ಸರ್ಕಾರ ಆಸ್ತಿ ಕಿತ್ತುಕೊಂಡಂತಾಗಲಿಲ್ಲ ಎಂಬುದು ನ್ಯಾಯಮೂರ್ತಿ ಬ್ರೆನನ್ ಬರೆದ ತೀರ್ಪಿನ ತಿರುಳು.

ಸಂರಕ್ಷಣೆಯ ಪರವಾಗಿರುವವರು ಈ ತೀರ್ಪನ್ನು ಕೊಂಡಾಡುತ್ತಾರೆ, ಭಿನ್ನಮತವನ್ನು ಓದುವವರು ಕಡಿಮೆ. ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಎತ್ತಿದ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಕಟ್ಟಡಗಳಿರುವ ಊರಿನಲ್ಲಿ 400ನ್ನು ಮಾತ್ರ ಆರಿಸಿ, ಎಲ್ಲರ ಕಣ್ಣಿನ ಸಂತೋಷದ ಭಾರವನ್ನು ಆ ಕೆಲವು ಒಡೆಯರ ತಲೆಯ ಮೇಲೆ ಹೊರಿಸುವುದು ನ್ಯಾಯವೇ ಎಂದು ಅವರು ಕೇಳಿದ್ದರು. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ತಾತನ ಕಾಲದ ಹೆಂಚಿನ ಮನೆಯನ್ನು ಸೋರದಂತೆ ಕಾಪಾಡಿಕೊಂಡು ಬಂದಿರುವ ಯಾರನ್ನು ಮಾತನಾಡಿಸಿದರೂ ಇದೇ ಮಾತು ಬರುತ್ತದೆ. ಪಕ್ಕದ ನಿವೇಶನದಲ್ಲಿ ನಾಲ್ಕಂತಸ್ತು ಎದ್ದು ಬಾಡಿಗೆ ಬರುತ್ತಿರುವಾಗ, ಇವರ ಮನೆಯ ಮುಂದೆ ನಿಂತು ಜಗಲಿಯ ಕಂಬಗಳನ್ನು ಮೆಚ್ಚಿ ಹೋಗುವವರು ರಿಪೇರಿಗೆ ಕಾಸು ಕೊಡುವುದಿಲ್ಲ.

ಈ ತಕರಾರಿಗೆ ನ್ಯೂಯಾರ್ಕ್ 1968ರಲ್ಲೇ ಒಂದು ಉಪಾಯ ಹೂಡಿತ್ತು. ಅದನ್ನು ನಮ್ಮ ಅರವತ್ತು-ನಲವತ್ತರ ಸೈಟಿನ ಲೆಕ್ಕದಲ್ಲಿ ಹೇಳುವುದು ಲೇಸು. ನಿವೇಶನ 2,400 ಚದರಡಿ. ಅದರ ಎರಡರಷ್ಟು ಕಟ್ಟಬಹುದೆಂದು ನಿಯಮ ಇದೆ ಎಂದುಕೊಳ್ಳೋಣ, ಅಂದರೆ 4,800 ಚದರಡಿ. ಹಳೆಯ ಮನೆ ಇರುವುದು 1,200 ಚದರಡಿ. ಉಳಿದ 3,600 ಚದರಡಿ ಕಟ್ಟುವ ಹಕ್ಕು ಬಳಕೆಯಾಗದೆ ಹೆಂಚಿನ ಮೇಲೆ ಗಾಳಿಯಲ್ಲಿದೆ. ಮನೆಯನ್ನು ಕೆಡವಕೂಡದು ಎಂದಾದರೆ ಆ ಹಕ್ಕನ್ನು ಮಾರಲು ಬಿಡಬೇಕು. ಕೊಂಡವರು ಬೇರೆ ನಿವೇಶನದಲ್ಲಿ ಅಷ್ಟು ಹೆಚ್ಚುವರಿ ಅಂತಸ್ತು ಏರಿಸಿಕೊಳ್ಳಬಹುದು. ಹಳೆಯ ಮನೆಯ ರಿಪೇರಿಗೂ ಹಣ ಬಂತು, ಹೊಸ ಕಟ್ಟಡಕ್ಕೂ ಜಾಗ ಸಿಕ್ಕಿತು. ವರ್ಗಾಯಿಸಬಲ್ಲ ಅಭಿವೃದ್ಧಿ ಹಕ್ಕು, ನಮ್ಮಲ್ಲಿ ಎಲ್ಲರೂ ಟಿಡಿಆರ್ ಎನ್ನುವುದು ಇದನ್ನೇ. ಕಂಪೆನಿಯ ಹೊರೆಯನ್ನು ಈ ಹಕ್ಕು ತಕ್ಕಮಟ್ಟಿಗೆ ಇಳಿಸುತ್ತದೆ ಎಂದು ಬ್ರೆನನ್ ಅವರೂ ಗಮನಿಸಿದ್ದರು.

ಆದರೆ ಮಾರಿದ ಆಕಾಶ ಎಲ್ಲಾದರೂ ಇಳಿಯಲೇಬೇಕಲ್ಲ. 2017ರಲ್ಲಿ ನಿಯಮ ಸಡಿಲಿಸಿ, ಗ್ರ್ಯಾಂಡ್ ಸೆಂಟ್ರಲ್ ಸುತ್ತಲಿನ ವಿಶಾಲ ಪ್ರದೇಶದಲ್ಲಿ ಇಂಥ ಹಕ್ಕುಗಳನ್ನು ಬಳಸಲು ಅವಕಾಶ ಕೊಡಲಾಯಿತು. ಮರುವರ್ಷ ಜೆ.ಪಿ. ಮಾರ್ಗನ್ ಬ್ಯಾಂಕು ನಿಲ್ದಾಣದ ಮೇಲಿನ ಹಕ್ಕಿನಲ್ಲಿ ದೊಡ್ಡ ಪಾಲನ್ನು ಕೊಂಡಿತು. 2025ರಲ್ಲಿ ಅದರ 60 ಅಂತಸ್ತಿನ ಹೊಸ ಕೇಂದ್ರ ಕಚೇರಿ ತೆರೆಯಿತು. ಆ ಜಾಗದಲ್ಲಿ ಮೊದಲು ಇದ್ದದ್ದು 52 ಅಂತಸ್ತಿನ ಯೂನಿಯನ್ ಕಾರ್ಬೈಡ್ ಕಟ್ಟಡ. ಇಪ್ಪತ್ತನೆಯ ಶತಮಾನದ ನಡುಗಾಲದ ಒಳ್ಳೆಯ ವಾಸ್ತುಶಿಲ್ಪವೆಂದು ಬಲ್ಲವರು ಎಣಿಸುತ್ತಿದ್ದ ಆ ಕಟ್ಟಡವನ್ನು ಅರವತ್ತು ವರ್ಷದ ಆಸುಪಾಸಿನಲ್ಲೇ ಬಿಚ್ಚಿಹಾಕಲಾಯಿತು. ಒಂದು ಹಳೆಯ ಕಟ್ಟಡವನ್ನು ಕಾಯುವ ಹಕ್ಕೇ ಮತ್ತೊಂದರ ಪತನಕ್ಕೆ ಒದಗಿಬಂತು.

ಮುಂಬಯಿ ಈ ಪದ್ಧತಿಯನ್ನು 1991ರ ನಿಯಮಗಳಲ್ಲಿ ತಂದಿತು. 1995ರಲ್ಲಿ ಪಾರಂಪರಿಕ ಕಟ್ಟಡಗಳಿಗೂ ಅದು ಅನ್ವಯವಾಯಿತು. ಹಳೆಯ ನಗರದಲ್ಲಿ ಹುಟ್ಟಿದ ಹಕ್ಕನ್ನು ಅಲ್ಲಿ ಬಳಸುವಂತಿರಲಿಲ್ಲ, ಉಪನಗರಗಳಿಗೆ ಒಯ್ಯಬೇಕಿತ್ತು. ದಕ್ಷಿಣದ ಕಲ್ಲಿನ ಕಟ್ಟಡಗಳಿಗೆ ಇದು ಒಳ್ಳೆಯದೇ. ಭಾರ ಬಿದ್ದದ್ದು ಬಂಗಲೆ, ತೋಟಗಳಿದ್ದ ಉಪನಗರದ ಕಿರುದಾರಿಗಳ ಮೇಲೆ. ಅವುಗಳಿಗೂ ಒಂದು ಚಹರೆ ಇತ್ತೆಂಬುದು ಆಗ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಕರ್ನಾಟಕಕ್ಕೆ ಟಿಡಿಆರ್ ಬಂದದ್ದು ಈ ಶತಮಾನದ ಮೊದಲ ದಶಕದಲ್ಲಿ, ಬೇರೊಂದು ಕೆಲಸ ಹೊತ್ತು. ಪಾಲಿಕೆಗೆ ಮುಖ್ಯವಾಗಿ ಬೇಕಾಗಿದ್ದುದು ರಸ್ತೆ ವಿಸ್ತರಣೆಗೆ ಜಾಗ. ನಗದು ಪರಿಹಾರ ಕೊಡುವ ಬದಲು ಹಕ್ಕುಪತ್ರ ಕೊಟ್ಟರೆ ಬೊಕ್ಕಸಕ್ಕೆ ಹೊರೆಯಿಲ್ಲ. ಹಾಗಾಗಿ ನ್ಯೂಯಾರ್ಕಿನಲ್ಲಿ ಕಟ್ಟಡ ನಿಂತರೆ ಸಿಗುತ್ತಿದ್ದ ಹಕ್ಕು, ಬೆಂಗಳೂರಿನಲ್ಲಿ ಕಾಂಪೌಂಡು, ಅಂಗಳ, ಮುಂಭಾಗದ ಮರ ಹೋದರೆ ಸಿಗುವಂಥದಾಯಿತು. 1898ರ ಪ್ಲೇಗಿನ ಕಾಲದಲ್ಲಿ ಗಾಳಿ ಬೆಳಕಿಗೆಂದೇ ಮನೆಯ ಸುತ್ತ ಜಾಗ ಬಿಟ್ಟು ರೂಪಿಸಿದ ಬಡಾವಣೆಗಳಿಗೆ ಕಳೆದುಕೊಳ್ಳಲು ಇದ್ದದ್ದೂ ಅದೇ. ಹಕ್ಕುಪತ್ರ ಕೈಗೆ ಬಂದರೂ ಕೊಳ್ಳುವವರು ಸಿಗದೆ, ಬೆಲೆಯೂ ತಿಳಿಯದೆ ಅಲೆದವರಿದ್ದಾರೆ. ಅರಮನೆ ಮೈದಾನದ ಅಂಚಿನಲ್ಲಿ ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಗಳ ವಿಸ್ತರಣೆಗೆ ಬೇಕಾದ ಸುಮಾರು 15 ಎಕರೆಯ ಹಕ್ಕಿನ ವ್ಯಾಜ್ಯವಂತೂ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಹಕ್ಕುಪತ್ರ ಕೊಡುವಂತೆ ಆದೇಶಿಸಿದಾಗ, ಅದರ ಮೌಲ್ಯ ಮೂರು ಸಾವಿರ ಕೋಟಿ ರೂಪಾಯಿ ಮೀರುತ್ತದೆ ಎಂದು ಸರ್ಕಾರ ಲೆಕ್ಕ ಹಾಕಿತು.