ಕಲ್ಲಿನ ಮೇಲಣ ಕಾಗುಣಿತ

ಹೋದ ಬೇಸಗೆಯಲ್ಲಿ ಶಿಕಾರಿಪುರದ ನನ್ನ ತಂಗಿಯ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆ. ಆಕೆಯ ಮೊಮ್ಮಗಳು, ಏಳನೆಯ ತರಗತಿಯ ಹುಡುಗಿ, ಬೆಳಗಿನಿಂದ ಸಂಜೆಯವರೆಗೆ ಜಗಲಿಯಲ್ಲಿ ಕುಳಿತು ಇಂಗ್ಲಿಷ್ ಶಬ್ದಗಳನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಬಾಯಿಪಾಠ ಮಾಡುತ್ತಿದ್ದಳು. ಶಾಲೆಯ ಮಕ್ಕಳಿಗೆಂದೇ ನಡೆಯುವ ಅಂತರರಾಷ್ಟ್ರೀಯ ಸ್ಪೆಲ್ಲಿಂಗ್ ಸ್ಪರ್ಧೆಯೊಂದರ ಮೊದಲ ಸುತ್ತು ಆ ವಾರ ಸೊರಬದಲ್ಲಿ ಇತ್ತು. "ಅಜ್ಜ, ಕನ್ನಡದಲ್ಲಿ ಯಾಕೆ ಇಂಥ ಸ್ಪರ್ಧೆ ಇಲ್ಲ?" ಎಂದು ಕೇಳಿದಳು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನ ಹೆಮ್ಮೆಯಿಂದ, "ನಾವು ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ, ಪುಟ್ಟಿ. ಅಲ್ಲಿ ಸ್ಪರ್ಧೆಗೆ ಕೆಲಸವೇ ಇಲ್ಲ" ಎಂದುಬಿಟ್ಟೆ. ಆ ಉತ್ತರ ಒಂದು ದಿನವೂ ಬಾಳಲಿಲ್ಲ.

ಈ ಸ್ಪರ್ಧೆಗಳ ತವರು ಅಮೆರಿಕ. ಅಲ್ಲಿಯ ಹಳ್ಳಿಗರು ನೆರೆಹೊರೆಯವರೆಲ್ಲ ಕೂಡಿ ಮಾಡುವ ಕೆಲಸಕ್ಕೆ 'ಬೀ' ಎನ್ನುತ್ತಿದ್ದರು. ನಮ್ಮ ಮಲೆನಾಡಿನ ಮುಯ್ಯಾಳಿನಂಥ ಮಾತು. ಅಕ್ಷರದ ಕೂಟಕ್ಕೂ ಅದೇ ಹೆಸರು ನಿಂತು 'ಸ್ಪೆಲ್ಲಿಂಗ್ ಬೀ' ಆಯಿತು. 1925ರಲ್ಲಿ ಒಂಬತ್ತು ಪತ್ರಿಕೆಗಳು ಸೇರಿ ವಾಷಿಂಗ್ಟನ್ನಿನಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆಯನ್ನು ನಡೆಸಿದವು. ಫ್ರಾಂಕ್ ನ್ಯೂಹೌಸರ್ ಎಂಬ ಬಾಲಕ 'ಗ್ಲಾಡಿಯೋಲಸ್' ಎಂಬ ಹೂವಿನ ಹೆಸರನ್ನು ತಪ್ಪಿಲ್ಲದೆ ಬಿಡಿಸಿ ಹೇಳಿ ಗೆದ್ದ. 1998ರಲ್ಲಿ ಜಮೈಕಾದ ಜೋಡಿ ಆ್ಯನ್ ಮ್ಯಾಕ್ಸ್‌ವೆಲ್ ಗೆದ್ದಾಗ ಬಹುಮಾನ ಮೊದಲ ಬಾರಿಗೆ ಅಮೆರಿಕದ ಹೊರಗೆ ಹೋಯಿತು. 2009ರಲ್ಲಿ ಕನ್ನಡನಾಡಿನ ಮೂಲದ ಕುಟುಂಬದ ಹುಡುಗಿ, ಕನ್ಸಾಸ್ ರಾಜ್ಯದ ಕಾವ್ಯಾ ಶಿವಶಂಕರ್ ಗೆದ್ದಳು. 2015ರಲ್ಲಿ ಅವಳ ತಂಗಿ ವನ್ಯಾ ಜಂಟಿಯಾಗಿ ಗೆದ್ದಳು. 2019ರಲ್ಲಂತೂ ಎಂಟು ಮಕ್ಕಳನ್ನು ಸೋಲಿಸಬಲ್ಲ ಶಬ್ದ ಸಿಗದೆ ಎಂಟು ಮಂದಿಗೂ ಬಹುಮಾನ ಕೊಡಬೇಕಾಯಿತು.

ಇಂಥ ಪಂದ್ಯ ಸಾಧ್ಯವಾಗುವುದು ಬಾಯಿಗೂ ಬರಹಕ್ಕೂ ನಡುವೆ ಬಿರುಕು ಬಿಟ್ಟಿರುವ ಭಾಷೆಯಲ್ಲಿ. ಇಂಗ್ಲಿಷಿನವರು 'ನೈಟ್' ಎಂದು ನುಡಿದು, ಮೊದಲಲ್ಲಿ ಒಂದು 'ಕೆ' ಬರೆಯುತ್ತಾರೆ. ಒಂದು ಕಾಲಕ್ಕೆ ಅದನ್ನೂ ಉಚ್ಚರಿಸುತ್ತಿದ್ದರು. ಧ್ವನಿ ಹೋಯಿತು, ಅಕ್ಷರ ಉಳಿಯಿತು. ನಮ್ಮಲ್ಲಿ ಹೀಗಾಗಲೇ ಇಲ್ಲವೆಂದು ನಾನು ತಿಳಿದಿದ್ದೆ.

ಮರುದಿನ ಹುಡುಗಿಯನ್ನು ಕರೆದುಕೊಂಡು ಶಿರಾಳಕೊಪ್ಪದ ಬಸ್ಸು ಹತ್ತಿ ಬಳ್ಳಿಗಾವಿಗೆ ಹೋದೆ. ಆ ಊರಿನ ಹೆಸರೇ ಒಂದು ಕಾಗುಣಿತದ ಪರೀಕ್ಷೆ: ಶಾಸನಗಳಲ್ಲಿ ಬಳ್ಳಿಗಾವೆ, ಬಳ್ಳಿಗಾಮೆ, ಬಳ್ಳಿಗ್ರಾಮೆ, ಬಲಿಪುರ, ಎಲ್ಲವೂ ಉಂಟು. ಬರೆದವರಾರಿಗೂ ಅದರಿಂದ ಸಂಕೋಚವಾದಂತಿಲ್ಲ. ಒಂದು ಕಲ್ಲಿನ ಸಾಲುಗಳನ್ನು ಬೆರಳಿಟ್ಟು ಓದಿ ಹೇಳುತ್ತಿದ್ದಾಗ ಒಂದು ಅಕ್ಷರದ ಬಳಿ ನನ್ನ ನಾಲಗೆ ತಡೆಯಿತು. "ಇದು ಯಾವ ಅಕ್ಷರ ಅಜ್ಜ? ನಮ್ಮ ವರ್ಣಮಾಲೆಯಲ್ಲಿ ಇಲ್ಲವಲ್ಲ!" ಎಂದಳು.

ಅದು ೞಕಾರ. ಶ್ರೋತೃಗಳು ಕ್ಷಮಿಸಬೇಕು, ಬಾನುಲಿಯಲ್ಲಿ ಈ ಅಕ್ಷರದ ಬಗೆಗೆ ಮಾತನಾಡುವುದು ಬಲು ಪೇಚಿನ ಕೆಲಸ. ಬರೆದು ತೋರಿಸುವಂತಿಲ್ಲ, ಉಚ್ಚರಿಸೋಣವೆಂದರೆ ಕನ್ನಡಿಗನ ನಾಲಗೆ ಅದನ್ನು ಮರೆತು ನೂರಾರು ವರ್ಷಗಳಾಗಿವೆ. ತಮಿಳರು ತಮ್ಮ ಭಾಷೆಯ ಹೆಸರಿನ ಕೊನೆಯಲ್ಲಿ ನುಡಿಯುವ ಧ್ವನಿ ಅದು. ಈಗ ನಾವು ಮಳೆ, ಬಾಳೆ, ಏಳು ಎನ್ನುವ ಮಾತುಗಳಲ್ಲಿ ಹಳಗನ್ನಡದವರು ಬರೆದದ್ದು ಈ ಅಕ್ಷರವನ್ನು. ಕತ್ತೆ ಆಗ ಕೞ್ತೆ. ಹೊತ್ತು ಆಗ ಪೊೞ್ತು. ಇದರ ಜೊತೆಗಾರ ಇನ್ನೊಂದು, ಱಕಾರ: ಕೆಱೆ, ಮೂಱು, ಆಱು, ನೂಱು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ.

ಶಿಕಾರಿಪುರ ಸೊರಬಗಳ ಈ ಸೀಮೆಯ ಹಳೆಯ ಹೆಸರಿನಲ್ಲಿಯೇ ಆ ಅಕ್ಷರ ಅಡಗಿತ್ತು. ಬನವಾಸಿ ಹನ್ನೆರಡು ಸಾವಿರದ ಒಳಗಿನ ನಾಡು ಇದು, ನಾಗರಖಂಡ ಎಪ್ಪತ್ತು. ಹತ್ತನೆಯ ಶತಮಾನದ ಆದಿಯಲ್ಲಿ ಗಂಡ ಸತ್ತ ಮೇಲೆ ಇದರ ನಾಳ್ಗಾವುಂಡಿಕೆಯನ್ನು ವಹಿಸಿಕೊಂಡು ಆಳಿದವಳು ಜಕ್ಕಿಯಬ್ಬೆ. ಕೊನೆಯಲ್ಲಿ ವ್ರತ ತೊಟ್ಟು ಬಂದಳಿಕೆಯಲ್ಲಿ ದೇಹವಿಟ್ಟಳು. ಹಳಗನ್ನಡದ ಶುದ್ಧರೂಪದಲ್ಲಿ ಅವಳ ನಾಡು ಎೞ್ಪತ್ತು. ಕಾಲ ಕಳೆದಂತೆ ಅದು ಎರ್ಪತ್ತಾಗಿ ಎಪ್ಪತ್ತಾಯಿತು.

ಧ್ವನಿ ಮಾಸತೊಡಗಿದ ಕಾಲದ ಬರಹಗಾರನ ಪಾಡನ್ನು ನೆನೆದುಕೊಳ್ಳಿ. ಅವನ ಕಿವಿಗೆ ೞಕಾರವೂ ಳಕಾರವೂ ಒಂದೇ. ಆದರೆ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಊರೂರಿಗೂ ವೀರಗಲ್ಲುಗಳಿರುವ ಸೊರಬದ ಸೀಮೆಯಲ್ಲಿ ಈ ಎರಡು ಮಾತುಗಳೂ ಬೇಕು. ಕಿವಿ ನೆರವಾಗದಿದ್ದರೆ ನೆನಪೇ ಗತಿ. ಯಾವ ಮಾತಿಗೆ ಯಾವ ಅಕ್ಷರವೆಂದು ಬಾಯಿಪಾಠ ಮಾಡಬೇಕು. ಜಗಲಿಯ ಮೇಲಿನ ನಮ್ಮ ಹುಡುಗಿ ಮಾಡುತ್ತಿದ್ದುದೂ ಅದನ್ನೇ ಅಲ್ಲವೆ?

ಅಂಥವರಿಗೆ ಗುರುಗಳ ಕೊರತೆ ಇರಲಿಲ್ಲ. ಬಳ್ಳಿಗಾವಿಯ ಕೇದಾರೇಶ್ವರನ ಮಗ್ಗುಲಿನ ಕೋಡಿಯ ಮಠವನ್ನು ಬಣ್ಣಿಸುವ 1162ರ ಶಾಸನ, ಅಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು ಹೇಳುತ್ತದೆ. ಅದೇ ಮಠದಲ್ಲಿ ಬಡವರಿಗೆ ಅನ್ನ, ರೋಗಿಗಳಿಗೆ ಔಷಧ. ಆದರೆ ಅವೆಲ್ಲ ಸಂಸ್ಕೃತದ ವ್ಯಾಕರಣಗಳು. ಕನ್ನಡದ ಬರಹಗಾರನ ಕಷ್ಟವನ್ನು ಅರಿತವನು ಸುಮಾರು 1260ರ ಕೇಶಿರಾಜ. ಅವನು ಈ ಸೀಮೆಯವನಲ್ಲ. ಆದರೆ 'ಶಬ್ದಮಣಿದರ್ಪಣ'ದಲ್ಲಿ ೞಕಾರವುಳ್ಳ ಮಾತುಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಎಲ್ಲರ ಬಾಯಲ್ಲಿ ಇರುವ ಧ್ವನಿಗೆ ಯಾರೂ ಪಟ್ಟಿ ಮಾಡುವುದಿಲ್ಲ. ಪ್ರಾಸ ಕೆಡದಂತೆ ಪದ್ಯ ಕಟ್ಟುವ ಕವಿಗೆ ಆ ಪಟ್ಟಿ ಬೇಕಿತ್ತು. ಸ್ಪರ್ಧೆಯ ಮಕ್ಕಳಿಗೆ ಈಗ ಹಂಚುವ ಶಬ್ದಗಳ ಪುಸ್ತಿಕೆಗೆ ಕನ್ನಡದ ಪೂರ್ವಜ ಇದೇ ಎಂದರೆ ಪಂಡಿತರು ಸಿಟ್ಟಾಗಲಾರರೆಂದು ನಂಬಿದ್ದೇನೆ.

ಹತ್ತಿರದ ತಾಳಗುಂದದಲ್ಲಿ ಕದಂಬರ ಕಾಲದ ಕಂಬವಿದೆ. ಅದರ ಸಂಸ್ಕೃತ ಕಾವ್ಯವನ್ನು ರಚಿಸಿದ ಕುಬ್ಜ, ಅದನ್ನು ಕಲ್ಲಿನ ಮೇಲೆ ತಾನೇ ಬರೆದೆನೆಂದು ಹೇಳಿಕೊಂಡಿದ್ದಾನೆ. ಎಲ್ಲ ಕವಿಗಳಿಗೂ ಆ ಭಾಗ್ಯವಿರಲಿಲ್ಲ. ಸಾಮಾನ್ಯವಾಗಿ ರಚಿಸಿದವನೊಬ್ಬ, ಬರೆದವನೊಬ್ಬ, ಕಂಡರಿಸಿದವನು ಮತ್ತೊಬ್ಬ. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಏಳು ಮತ್ತು ಎಂಟನೆಯ ಸಂಪುಟಗಳಾಗಿ ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಾಸನಗಳನ್ನು ಅಚ್ಚು ಹಾಕಿಸಿದರು. ಆ ಪುಟಗಳನ್ನು ತಿರುವಿದರೆ ಶಕವರ್ಷ ಎಂಬುದು 'ಸಕವರ್ಷ'ವಾಗಿರುವುದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಧರ್ಮವೋ 'ಧರ್ಮ್ಮ', ಪೂರ್ವವೋ 'ಪೂರ್ವ್ವ'. ಎರಡನೆಯದು ತಪ್ಪಲ್ಲ, ಅಂದಿನ ಕ್ರಮವೇ ಹಾಗೆ. ಇಂದಿನ ಹುಡುಗ ಹಾಗೆ ಬರೆದರೆ ಅರ್ಧ ಅಂಕ ಹೋಗುತ್ತದೆ.

ಕಳೆಯುತ್ತಿದ್ದವನು ನಾನೇ. ಉಕ್ತಲೇಖನದಲ್ಲಿ 'ಕಷ್ಟ'ವನ್ನು 'ಕಶ್ಟ' ಎಂದು ಬರೆದ ಎಷ್ಟು ಮಕ್ಕಳ ಪುಸ್ತಕಗಳ ಮೇಲೆ ಕೆಂಪು ಶಾಯಿ ಹರಿಸಿದ್ದೇನೋ ಲೆಕ್ಕವಿಲ್ಲ. ಆ ಮಕ್ಕಳು ನುಡಿದಂತೆಯೇ ಬರೆದಿದ್ದರು. ಶಕಾರ ಷಕಾರಗಳ ಭೇದ ನನ್ನ ಬಾಯಲ್ಲಿಯೂ ಇರಲಿಲ್ಲ. ನನ್ನ ಪೆನ್ನಿನಲ್ಲಿ ಮಾತ್ರ ಇತ್ತು. ಒಬ್ಬ ಹುಡುಗ, ಸೊರಬದ ಕಡೆಯ ಹಳ್ಳಿಯವನು, "ನೀವು ಹೇಳಿದ್ದು ಹಾಗೇ ಕೇಳಿಸಿತು ಸಾರ್" ಎಂದದ್ದು ನೆನಪಿದೆ. ಎದುರು ಮಾತಾಡುತ್ತಾನೆಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

ದೊಡ್ಡವರೂ ತಪ್ಪುತ್ತಾರೆ. ಲೋಕದ ಲಿಪಿಗಳನ್ನೆಲ್ಲ ಗಣಕಯಂತ್ರಕ್ಕೆ ಅಳವಡಿಸುವ ಯೂನಿಕೋಡ್ ಪಟ್ಟಿಯಲ್ಲಿ ನಮ್ಮ ೞಕಾರಕ್ಕೂ ಸ್ಥಾನವಿದೆ. ಆದರೆ ಅದರ ಹೆಸರನ್ನು 'ಫ' ಎಂದು ತಪ್ಪಾಗಿ ನಮೂದಿಸಿದರು. ಒಮ್ಮೆ ಇಟ್ಟ ಹೆಸರನ್ನು ತಿದ್ದುವಂತಿಲ್ಲವೆಂಬುದು ಆ ಪಟ್ಟಿಯ ಕಟ್ಟಳೆ. ಹೀಗಾಗಿ ತಪ್ಪು ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ಸರಿಯಾದದ್ದು ಉಪನಾಮವಾಗಿ ನಿಂತಿದೆ.

ಸೊರಬದ ಸ್ಪರ್ಧೆಗೆ ನಾನೇ ಹುಡುಗಿಯ ಜೊತೆ ಹೋದೆ. ಮೂರನೆಯ ಸುತ್ತಿನಲ್ಲಿ ಅವಳಿಗೆ 'ನ್ಯುಮೋನಿಯ' ಬಂತು. ಮೊದಲಿಗೆ ಬರೆಯಬೇಕಾದ, ಯಾರೂ ನುಡಿಯದ 'ಪಿ'ಯನ್ನು ಬಿಟ್ಟು ಸೋತಳು. ಅಳಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, "ಆ ಪಿಯನ್ನು ಯಾರಾದರೂ ಯಾವತ್ತಾದರೂ ಉಚ್ಚರಿಸುತ್ತಿದ್ದರಾ ಅಜ್ಜ?" ಎಂದಳು. ಗ್ರೀಕರು ಉಚ್ಚರಿಸುತ್ತಿದ್ದರೆಂದೆ.

"ಅವರದ್ದನ್ನು ಇವರು ಉಳಿಸಿಕೊಂಡಿದ್ದಾರೆ. ನೀವ್ಯಾಕೆ ಆ ಎಪ್ಪತ್ತರ ಅಕ್ಷರ ಉಳಿಸಿಕೊಳ್ಳಲಿಲ್ಲ?"

"ಉಳಿಸಿಕೊಂಡಿದ್ದರೆ ಅಂಕ ಕಳೆಯಲು ನನಗೆ ಇನ್ನೊಂದು ಅಕ್ಷರ ಸಿಗುತ್ತಿತ್ತು, ಪುಟ್ಟಿ" ಎಂದೆ.